ಕೈತೋಟಕ್ಕೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ: ಮೈಸೂರು, ಮಂಡ್ಯದ ಮನೆಗಳಿಗೆ ಒಂದು ಹೋಲಿಕೆ

ತರಕಾರಿ ಕೈತೋಟಕ್ಕೆ ಬೇಕಾದದ್ದೆಲ್ಲವೂ ಈಗ ಅಂಗಡಿಯಲ್ಲಿ ಪೊಟ್ಟಣವಾಗಿ ಸಿಗುತ್ತದೆ, ಮಣ್ಣು ಕೂಡ. ಗ್ರೋ ಬ್ಯಾಗ್, ಒತ್ತಿ ಇಟ್ಟಿಗೆ ಮಾಡಿದ ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಬೀಜ, ಸಿಂಪಡಿಸುವ ಬಾಟಲಿ ಎಲ್ಲವನ್ನೂ ಒಟ್ಟಿಗೆ ತಂದರೆ ಒಂದೇ ಭಾನುವಾರದಲ್ಲಿ ತಾರಸಿಯ ಮೇಲೆ ತೋಟ ಎದ್ದು ನಿಲ್ಲುತ್ತದೆ. ಆದರೆ ಆ ತೋಟದ ಬದನೆಕಾಯಿಗೆ ಬಿದ್ದ ಖರ್ಚನ್ನು ಲೆಕ್ಕ ಹಾಕಿದರೆ ದೇವರಾಜ ಮಾರುಕಟ್ಟೆಯ ಬದನೆಕಾಯಿಗಿಂತ ಹಲವು ಪಟ್ಟು ದುಬಾರಿ. ಬೇರೆ ಊರುಗಳ ಮಾತು ಬಿಡಿ, ಮೈಸೂರು, ಮಂಡ್ಯದಲ್ಲಿ ಹೀಗಾಗುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಇಲ್ಲಿ ಸುತ್ತಮುತ್ತ ಏನಿಲ್ಲ? ಶ್ರೀರಂಗಪಟ್ಟಣದ ಕಡೆ ಕಬ್ಬಿನ ತರಗು, ಭತ್ತದ ಹುಲ್ಲು. ಮಳವಳ್ಳಿಯ ಕಡೆ ಕುರಿ ಗೊಬ್ಬರ, ರೇಷ್ಮೆ ಸಾಕುವ ಮನೆಗಳ ಹಿಕ್ಕೆ. ಮದ್ದೂರಿನಲ್ಲಿ ಎಳನೀರಿನ ರಾಶಿ. ಊರಂಚಿನ ಹಳ್ಳಿಗಳಲ್ಲೆಲ್ಲ ತಿಪ್ಪೆ.

ಆದ್ದರಿಂದ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಇದನ್ನು ಮುಂದಿನ ವರ್ಷವೂ ದುಡ್ಡು ಕೊಟ್ಟು ತರಬೇಕೇ? ಒಮ್ಮೆ ಕೊಂಡು ಹಲವು ವರ್ಷ ನಡೆಯುವ ವಸ್ತುವಾದರೆ ಬೆಲೆ ತುಸು ಹೆಚ್ಚಾದರೂ ಒಪ್ಪಬಹುದು. ಪ್ರತಿ ಬೆಳೆಗೂ ಕೊಳ್ಳಲೇಬೇಕಾದ ವಸ್ತು ಎಷ್ಟೇ ಅಗ್ಗವಾಗಿದ್ದರೂ ಅದಕ್ಕೆ ಬದಲಿ ಹುಡುಕಬೇಕು.

ನೆಲವೋ, ತಾರಸಿಯೋ

ಖರ್ಚಿನ ದೃಷ್ಟಿಯಿಂದ ನೆಲಕ್ಕೆ ಸಾಟಿಯಿಲ್ಲ. ಕುಂಡ ಬೇಡ, ಮಣ್ಣು ಹೊರುವ ಕೂಲಿ ಬೇಡ, ನೀರು ಬೇಗ ಆರುವುದಿಲ್ಲ, ಎರೆಹುಳುಗಳು ಕರೆಯದೆಯೇ ಬರುತ್ತವೆ. ಎಂಟು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಪಾತಿ ಸಿಕ್ಕಿದರೂ ಸಾಕು, ಅದನ್ನು ಬಿಟ್ಟು ತಾರಸಿಗೆ ಓಡಬೇಡಿ. ತೊಡಕಿರುವುದು ಬಿಸಿಲಿನದು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರು ನಾಲ್ಕು ಅಡಿಯ ಓಣಿಗೆ ಪಕ್ಕದ ಮನೆಯ ಗೋಡೆಯೂ ನೆರಳು ಚೆಲ್ಲುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಬಳ್ಳಿ ತರಕಾರಿಗಳಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳಿಗೆ ಮೂರು ನಾಲ್ಕು ಗಂಟೆ ಸಾಕಾಗುತ್ತದೆ.

ಬಿಸಿಲು ವರ್ಷವಿಡೀ ಒಂದೇ ಕಡೆ ಇರುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಹಾಗಾಗಿ ಮನೆಯ ಉತ್ತರದ ಓಣಿಯಲ್ಲಿ ಬೇಸಿಗೆಯಲ್ಲಿ ಸೊಂಪಾಗಿ ಬೆಳೆದ ಗಿಡ ಡಿಸೆಂಬರಿನಲ್ಲಿ ಸೊರಗುವುದಕ್ಕೆ ಗೊಬ್ಬರದ ಕೊರತೆಯೇ ಕಾರಣವಾಗಿರಬೇಕಿಲ್ಲ. ಚಳಿಗಾಲದ ಕಾಯಿ ತರಕಾರಿಗೆ ದಕ್ಷಿಣದ ಪಟ್ಟಿ, ಮುಂಗಾರಿನ ಬೆಳೆಗೆ ಉತ್ತರದ ಪಟ್ಟಿ ಎಂದು ಹಂಚಿಕೊಂಡರೆ ಚಿಕ್ಕ ಅಂಗಳದಲ್ಲೂ ಎರಡು ಬೆಳೆ ತೆಗೆಯಬಹುದು. ಹೊಸ ಬಡಾವಣೆಯ ಮನೆಯಾದರೆ ಮೊದಲು ಗುದ್ದಲಿ ಹಾಕಿ ನೋಡಿ. ಕಟ್ಟಡದ ಗಾರೆ, ಸಿಮೆಂಟಿನ ಚೂರು ಸೇರಿದ ಮಣ್ಣು ಕ್ಷಾರವಾಗಿರುತ್ತದೆ. ಅಲ್ಲಿ ಒಂದು ಅಡಿ ತೆಗೆದು ಹೊಸ ಮಣ್ಣು ತುಂಬುವುದು ಒಮ್ಮೆ ಮಾತ್ರ ಬರುವ ಖರ್ಚು. ಅದಕ್ಕೆ ಹಿಂಜರಿಯಬೇಡಿ.

ತಾರಸಿಯಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಭಾರದ ಲೆಕ್ಕ ಬಿಡುವಂತಿಲ್ಲ. ಜನ ಓಡಾಡುವ ತಾರಸಿಗೆ, ಕಟ್ಟಡಗಳು ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನಕ ಐಎಸ್ 875 ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಇಟ್ಟಿಗೆ ಕಟ್ಟಿ ಒಂದು ಅಡಿ ಎತ್ತರಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ ಅದೇ ಒಂದು ಚದರ ಮೀಟರಿನಲ್ಲಿ ಸುಮಾರು 500 ಕಿಲೋ ಕೂರುತ್ತದೆ. ಮನೆ ಕಟ್ಟಿದ ಎಂಜಿನಿಯರನ್ನು ಕೇಳದೆ ಇಂಥ ಪಾತಿ ಕಟ್ಟುವುದು ಬೇಡವೇ ಬೇಡ. ಹಗುರ ಮಿಶ್ರಣ ತುಂಬಿದ 20 ಲೀಟರಿನ ಚೀಲ ನೀರುಂಡಾಗ ಸುಮಾರು 20ರಿಂದ 25 ಕಿಲೋ ತೂಗುತ್ತದೆ. ಅವುಗಳನ್ನು ತಾರಸಿಯ ನಡುವೆ ಗುಂಪಾಗಿ ಇಡದೆ ಅಂಚಿನ ಗೋಡೆ, ತೊಲೆಗಳ ಸಾಲಿಗೆ ಹರಡಿ ಇಡಿ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಮರದ ತೊಲೆಯ ಮದ್ರಾಸ್ ತಾರಸಿಗಳು ಇನ್ನೂ ಇವೆ. ಆ ಮನೆಗಳಿಗೆ ಭಾರವೂ ಸಲ್ಲದು, ನಿತ್ಯದ ತೇವವೂ ಸಲ್ಲದು. ಅಲ್ಲಿ ಅಂಗಳವನ್ನೇ ನೆಚ್ಚಿಕೊಳ್ಳಬೇಕು.

ಯಾವ ಪಾತ್ರೆ

ಇಲ್ಲಿ ಬಹುಬೇಗ ತೀರ್ಮಾನ ಹೇಳಬಹುದು. ಖಾಲಿ ಸಿಮೆಂಟ್ ಚೀಲ, ಅಕ್ಕಿ ಚೀಲ ಪುಕ್ಕಟೆ ಸಿಗುತ್ತವೆ, ಆದರೆ ನಮ್ಮ ಬಿಸಿಲಿಗೆ ಒಂದು ವರ್ಷದಲ್ಲೇ ಪುಡಿಪುಡಿಯಾಗಿ ಪ್ಲಾಸ್ಟಿಕ್ ಎಳೆಗಳು ಮಣ್ಣಿಗೆ ಸೇರುತ್ತವೆ. ಸಾವಯವ ತೋಟ ಮಾಡುತ್ತೇನೆ ಎನ್ನುವವರಿಗೆ ಇದು ಒಪ್ಪಿಗೆಯಾಗಬಾರದು. ಬಿಸಿಲು ತಡೆಯುವ ದಪ್ಪ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಚೀಲಗಳು ಹಲವು ವರ್ಷ ಬಾಳುತ್ತವೆ. ಕೊಳ್ಳುವುದಾದರೆ ಅವುಗಳನ್ನೇ ಕೊಳ್ಳಿ. ಗೋಡೆಗೆ ಬಳಿಯುವ ಬಣ್ಣ ತುಂಬಿ ಬಂದ 20 ಲೀಟರ್ ಖಾಲಿ ಬಕೆಟ್ ಇನ್ನೂ ಒಳ್ಳೆಯದು. ನೀರಿನಲ್ಲಿ ಕಲಸುವ ಬಣ್ಣದ್ದನ್ನು ಮಾತ್ರ ಆರಿಸಿ, ಚೆನ್ನಾಗಿ ತೊಳೆದು, ತಳದಲ್ಲಿ ಆರೇಳು ತೂತು ಕೊರೆಯಿರಿ. ರಾಸಾಯನಿಕ ತುಂಬಿದ್ದ ಡ್ರಮ್ಮುಗಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಮಣ್ಣಿನ ಕುಂಡ ನೋಡಲು ಚೆಂದ, ಬೇರಿಗೂ ತಂಪು, ಆದರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಕೇಳುತ್ತದೆ. ಸೊಪ್ಪಿಗೆ ಆಳ ಬೇಡವಾದ್ದರಿಂದ ಹಣ್ಣಿನ ಅಂಗಡಿಯ ಹಳೆಯ ಕ್ರೇಟಿನ ಒಳಗೆ ಗೋಣಿ ಹಾಸಿ ಆರು ಇಂಚು ಮಿಶ್ರಣ ತುಂಬಿದರೆ ಸಾಕು. ಗೋಣಿಯನ್ನು ಮಾತ್ರ ಆಗಾಗ ಬದಲಿಸಬೇಕಾಗುತ್ತದೆ, ಹಳೆಯದು ಗೊಬ್ಬರವಾಗುತ್ತದೆ.

ಮಣ್ಣಿನ ಮಿಶ್ರಣ: ಕೊಕೊಪೀಟಿಗೆ ಎಷ್ಟು ಬೆಲೆ ಕೊಡಬೇಕು

ಕೊಕೊಪೀಟಿನಲ್ಲಿ ಗಿಡಕ್ಕೆ ಆಹಾರವಿಲ್ಲ. ಅದು ನೀರನ್ನು ಹಿಡಿದಿಡುತ್ತದೆ, ಭಾರ ಕಡಿಮೆ ಮಾಡುತ್ತದೆ, ಅಷ್ಟೇ. ಚೆನ್ನಾಗಿ ತೊಳೆಯದ ಅಗ್ಗದ ಇಟ್ಟಿಗೆಗಳಲ್ಲಿ ಉಪ್ಪಿನ ಅಂಶವೂ ಉಳಿದಿರುತ್ತದೆ. ಎರಡು ಮೂರು ಬಾರಿ ನೀರು ಬಸಿಯದೆ ಬಳಸಿದರೆ ಎಳೆ ಸಸಿಗಳ ಎಲೆಯಂಚು ಸುಡುತ್ತದೆ. ತಾರಸಿಯ ತೋಟಕ್ಕೆ ಒಮ್ಮೆ ಒಂದಿಷ್ಟು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ರಸ್ತೆ ಬದಿಯ ಎಳನೀರು ಗಾಡಿಯವರು ದಿನವೂ ಗುಡ್ಡೆ ಹಾಕುವ ಬುರುಡೆಗಳು ಇದೇ ಕೆಲಸವನ್ನು ಕಾಸಿಲ್ಲದೆ ಮಾಡುತ್ತವೆ. ಬುರುಡೆಯನ್ನು ಮಚ್ಚಿನಲ್ಲಿ ಹೋಳು ಮಾಡಿ, ಕೆಲವು ದಿನ ನೀರಿನಲ್ಲಿ ನೆನೆಸಿ, ಆ ಕಂದು ನೀರನ್ನು ಚೆಲ್ಲಿ, ಚೀಲದ ತಳದಲ್ಲಿ ಮೂರನೇ ಒಂದು ಭಾಗ ತುಂಬಿ. ಮನೆಯಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆಯೂ ಆಗುತ್ತದೆ. ಒಂದೆರಡು ವರ್ಷದಲ್ಲಿ ಅದೂ ಕರಗಿ ಮಣ್ಣಾಗುತ್ತದೆ. ನೆಲದ ಪಾತಿಗೆ ಕೊಕೊಪೀಟ್ ಬೇಕೇ ಇಲ್ಲ.

ಮಣ್ಣಿಗೆ ನಮ್ಮ ಕಡೆಯ ಕೆಂಪು ಮಣ್ಣು ಚೆನ್ನಾಗಿಯೇ ಇದೆ. ಬರಿದೇ ಬಳಸಿದರೆ ಬಿಸಿಲಿಗೆ ಗಟ್ಟಿಯಾಗಿ ಕೂರುತ್ತದೆ, ಅದಕ್ಕೆ ಗೊಬ್ಬರದ ಮೃದುತ್ವ ಬೇಕು. ಹಿರಿಯರು ಹೊಲಕ್ಕೆ ಹೊಡೆಸುತ್ತಿದ್ದ ಕೆರೆ ಗೋಡು ಇನ್ನೂ ಉತ್ತಮ. ಹಳ್ಳಿಯ ಕೆರೆ ಹೂಳೆತ್ತುವ ಕಾಲದಲ್ಲಿ ಒಂದು ಗಾಡಿ ತರಿಸಿಕೊಂಡರೆ ನೆರೆಯ ನಾಲ್ಕು ಮನೆಗಳಿಗೂ ಹಂಚಿಕೊಳ್ಳಬಹುದು. ನಗರದ ಚರಂಡಿ ನೀರು ಸೇರುವ ಕೆರೆಯ ಗೋಡನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಸೇರಿರಬಹುದಾದ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸೊಪ್ಪಿನ ಮೂಲಕ ತಟ್ಟೆಗೇ ಬರುತ್ತವೆ. ತಾರಸಿಯ ಚೀಲಕ್ಕೆ ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ನಾರು ಅಥವಾ ಒಣ ಎಲೆಯ ಪುಡಿ ಒಂದು ಪಾಲು. ನೆಲಕ್ಕಾದರೆ ಇದ್ದ ಮಣ್ಣಿನ ಮೇಲೆ ಮೂರು ಇಂಚು ಗೊಬ್ಬರ ಹರಡಿ ಬೆರೆಸಿದರೆ ಸಾಕು.

ಗೊಬ್ಬರ: ಚೀಲದ ಬೆಲೆ ನೋಡಬೇಡಿ, ಸಾರಜನಕದ ಬೆಲೆ ನೋಡಿ

ಕೈತೋಟದಲ್ಲಿ ದುಡ್ಡು ಸೋರುವುದೂ ಉಳಿಯುವುದೂ ಇಲ್ಲಿಯೇ, ಹಾಗಾಗಿ ತುಸು ನಿಧಾನವಾಗಿ ನೋಡೋಣ. ಗೊಬ್ಬರಗಳನ್ನು ಕಿಲೋ ಲೆಕ್ಕದಲ್ಲಿ ಹೋಲಿಸಿದರೆ ಮೋಸ ಹೋಗುತ್ತೇವೆ. ಗಿಡ ಬೆಳೆಯಲು ಮುಖ್ಯವಾಗಿ ಬೇಕಾದ ಸಾರಜನಕ ಒಂದು ಕಿಲೋ ತಿಪ್ಪೆ ಗೊಬ್ಬರದಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಒಂದು ಕಿಲೋ ಎರೆಗೊಬ್ಬರದಲ್ಲಿ ಸುಮಾರು 15 ಗ್ರಾಂ. ಒಣಗಿದ ಕುರಿ ಹಿಕ್ಕೆಯಲ್ಲಿ 20ರಿಂದ 30 ಗ್ರಾಂ. ಹೊಂಗೆ ಹಿಂಡಿಯಲ್ಲಿ ಸುಮಾರು 40, ಬೇವಿನ ಹಿಂಡಿಯಲ್ಲಿ 50, ಕಡಲೆಕಾಯಿ ಹಿಂಡಿಯಲ್ಲಿ 70 ಗ್ರಾಂ. ಅಂದರೆ ಸಾರಜನಕದ ಮಟ್ಟಿಗೆ ಒಂದು ಕಿಲೋ ಕಡಲೆಕಾಯಿ ಹಿಂಡಿ ಹದಿನಾಲ್ಕು ಕಿಲೋ ತಿಪ್ಪೆ ಗೊಬ್ಬರಕ್ಕೆ ಸಮ. ಅಂಗಡಿಯಲ್ಲಿ ನಿಂತಾಗ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿ ನೋಡಿ. ಚಂದದ ಪೊಟ್ಟಣದಲ್ಲಿ ಬರುವ ಎರೆಗೊಬ್ಬರ ಎಷ್ಟು ದುಬಾರಿ, ದನದ ಮೇವಿನ ಅಂಗಡಿಯ ಹಿಂಡಿ ಎಷ್ಟು ಅಗ್ಗ ಎಂಬುದು ಆಗ ತಿಳಿಯುತ್ತದೆ.

ಗಿಡಕ್ಕೆ ಎಷ್ಟು ಬೇಕು? ಒಂದು ಟೊಮೆಟೊ ಗಿಡ ಮೂರು ಕಿಲೋ ಹಣ್ಣು ಕೊಡಬೇಕಾದರೆ ಸುಮಾರು ಎಂಟು ಹತ್ತು ಗ್ರಾಂ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತದೆ. ತಿಪ್ಪೆ ಗೊಬ್ಬರದಲ್ಲಿರುವುದೆಲ್ಲವೂ ಅದೇ ಹಂಗಾಮಿನಲ್ಲಿ ಬಿಡುಗಡೆಯಾಗುವುದಿಲ್ಲ, ಒಂದು ಪಾಲು ಮಾತ್ರ ಸಿಗುತ್ತದೆ, ಉಳಿದದ್ದು ಮುಂದಿನ ಬೆಳೆಗಳಿಗೆ. ನೆಲದಲ್ಲಿ ಇದು ತೊಂದರೆಯಲ್ಲ, ಬೇರು ದೂರ ಹೋಗಿ ಹುಡುಕಿಕೊಳ್ಳುತ್ತದೆ. 20 ಲೀಟರಿನ ಚೀಲದಲ್ಲಿ ಸಿಕ್ಕಿಕೊಂಡ ಗಿಡಕ್ಕೆ ಅಷ್ಟು ಗೊಬ್ಬರ ತುಂಬಲು ಜಾಗವೇ ಇರುವುದಿಲ್ಲ. ಹಾಗಾಗಿ ನನ್ನ ತೀರ್ಮಾನ ಹೀಗೆ: ನೆಲದ ಪಾತಿಗೆ ತಿಪ್ಪೆ ಅಥವಾ ಕುರಿ ಗೊಬ್ಬರ, ಚೀಲಕ್ಕೆ ಮನೆಯ ಕಾಂಪೋಸ್ಟಿನ ಜೊತೆಗೆ ಹಿಂಡಿ.

ಹಿಂಡಿಯನ್ನು ಬುಡಕ್ಕೆ ಸುರಿಯಬಾರದು, ಬೂಷ್ಟು ಬರುತ್ತದೆ, ಹೆಗ್ಗಣವೂ ಬರುತ್ತದೆ. ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಅರ್ಧ ಲೀಟರ್ ಹಾಕಿದರೆ ಸಾಕು. ವಾಸನೆ ಇರುತ್ತದೆ, ಸಂಜೆ ಹಾಕಿ. ಬೇವಿನ ಹಿಂಡಿ ಮತ್ತು ಹೊಂಗೆ ಹಿಂಡಿಯನ್ನು ಮಣ್ಣು ತುಂಬುವಾಗಲೇ ಚೀಲಕ್ಕೆ ಒಂದು ಹಿಡಿ ಬೆರೆಸಿಬಿಡಬಹುದು. ಬೇವಿನ ಹಿಂಡಿ ಬೇರಿಗೆ ಗಂಟು ಕಟ್ಟುವ ಜಂತುಹುಳುವನ್ನೂ ದೂರ ಇಡುತ್ತದೆ.

ತಿಪ್ಪೆ ಗೊಬ್ಬರ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕು. ಸಗಣಿಯ ವಾಸನೆ ಇನ್ನೂ ಇದ್ದರೆ, ಒಳಗೆ ಬಿಸಿ ಇದ್ದರೆ ಅದು ಕಳಿತಿಲ್ಲ, ಬೇರನ್ನು ಸುಡುತ್ತದೆ. ಜರಡಿ ಹಿಡಿಯುವುದೂ ಮುಖ್ಯ. ನಮ್ಮ ಕಡೆ ತೆಂಗಿನ ತೋಟ ದಟ್ಟವಾಗಿರುವುದರಿಂದ ತಿಪ್ಪೆಗಳಲ್ಲಿ ದುಂಬಿಗಳು ಮೊಟ್ಟೆಯಿಡುತ್ತವೆ, ದಪ್ಪ ಬಿಳಿಯ ಗೊಣ್ಣೆ ಹುಳುಗಳು ಗೊಬ್ಬರದ ಜೊತೆಗೇ ಮನೆಗೆ ಬರುತ್ತವೆ. ಬೇರು ತಿನ್ನುವ ಜಾತಿಯದು ಒಂದು ಚೀಲಕ್ಕೆ ಒಂದು ಸೇರಿದರೂ ಗಿಡ ಉಳಿಯುವುದಿಲ್ಲ. ಕುರಿ ಗೊಬ್ಬರದಲ್ಲಿ ಈ ಕಾಟ ಕಡಿಮೆ, ಸತ್ವವೂ ಹೆಚ್ಚು. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಮಾಂಸಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು, ಅದೇ ದೊಡ್ಡಿಗಳ ಹಿಕ್ಕೆಯ ಬೆಲೆಯನ್ನು ಕೈತೋಟದವರು ಇನ್ನೂ ಅರಿತಿಲ್ಲ. ಆಯ್ಕೆ ಇದ್ದರೆ ನಾನು ಕುರಿ ಗೊಬ್ಬರಕ್ಕೇ ಮೊದಲ ಮಣೆ ಹಾಕುತ್ತೇನೆ. ರೇಷ್ಮೆ ಹುಳು ತಿಂದುಳಿದ ಸೊಪ್ಪು, ಹಿಕ್ಕೆ ಕೂಡ ಒಳ್ಳೆಯ ಸರಕು, ಆದರೆ ಹುಳು ಮನೆಯಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬಳಸುವುದರಿಂದ ನೇರವಾಗಿ ಹಾಕದೆ ಕಾಂಪೋಸ್ಟ್ ಗುಂಡಿಗೆ ಸೇರಿಸಿ ಕಳಿಯಲು ಬಿಡಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿ ಉಳಿಯುವ ಮಡ್ಡಿಯಾದ ಪ್ರೆಸ್‌ಮಡ್ ಅಗ್ಗವಾಗಿ ಸಿಕ್ಕರೂ ಹಸಿಯದು ಬೇಡ, ಕೊಳೆಯುವಾಗ ಬಹಳ ಬಿಸಿಯಾಗುತ್ತದೆ. ಗಾಡಿ ಲೆಕ್ಕದಲ್ಲಿ ಬರುವ ಅದು ರೈತರ ಹೊಲಕ್ಕೆ ಸರಿ, ಎಂಟು ಚೀಲದ ತೋಟಕ್ಕಲ್ಲ.

ಇನ್ನು ಮನೆಯ ಹಸಿ ಕಸ. ಮುಂದಿನ ವರ್ಷವೂ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಪೂರ್ತಿಯಾಗಿ ಬೇಡ ಎಂದು ಉತ್ತರ ಕೊಡುವ ಗೊಬ್ಬರ ಇದೊಂದೇ. ಮೂರು ಅಂತಸ್ತಿನ ಮಣ್ಣಿನ ಮಡಕೆ ಚೆಂದವಾಗಿದೆ, ಆದರೆ ಅದು ಮಾಡುವ ಕೆಲಸವನ್ನು ತೂತು ಕೊರೆದ ಎರಡು ಹಳೆಯ ಬಕೆಟ್ ಕೂಡ ಮಾಡುತ್ತವೆ. ಒಂದು ತುಂಬುವಾಗ ಇನ್ನೊಂದು ಕಳಿಯುತ್ತಿರಬೇಕು. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣ ಎಲೆ, ಈ ಅಳತೆ ತಪ್ಪಿದಾಗಲೇ ನಾತವೂ ಹುಳುವೂ ಬರುವುದು. ಒಣ ಎಲೆಗೆ ಮೈಸೂರಿನಲ್ಲಿ ಬರವೇ? ಹೊಂಗೆ, ಮಳೆಮರಗಳ ಕೆಳಗೆ ಫೆಬ್ರುವರಿ, ಮಾರ್ಚಿನಲ್ಲಿ ಗುಡಿಸಿ ಬೆಂಕಿ ಹಚ್ಚುವ ಎಲೆಗಳನ್ನು ನಾಲ್ಕು ಚೀಲ ತುಂಬಿಟ್ಟುಕೊಂಡರೆ ವರ್ಷ ಸಾಗುತ್ತದೆ. ಬೆಂಕಿ ಹಚ್ಚುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧ. ಎರೆಹುಳು ಸಾಕುವುದು ಇದಕ್ಕಿಂತ ಸತ್ವವುಳ್ಳ ಗೊಬ್ಬರ ಕೊಡುತ್ತದೆ, ಆದರೆ ಆ ಹುಳುಗಳು 35 ಡಿಗ್ರಿ ಮೇಲಿನ ಬಿಸಿ ತಾಳುವುದಿಲ್ಲ. ಮಂಡ್ಯದ ಏಪ್ರಿಲಿನಲ್ಲಿ ತಾರಸಿಯ ಮೇಲೆ ಎರೆತೊಟ್ಟಿ ಇಡುವುದು ಹುಳುಗಳಿಗೆ ಹಿಂಸೆ. ಮರದ ನೆರಳಿನ ತಂಪು ಮೂಲೆ ಇದ್ದವರು ಮಾತ್ರ ಯೋಚಿಸಿ.

ಜೀವಾಮೃತದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮನೆಯ ಅಳತೆಗೆ 20 ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು ಅಥವಾ ಹುರುಳಿ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಬಾರಿ ತಿರುವಿದರೆ ಎರಡು ದಿನದಲ್ಲಿ ಆಗುತ್ತದೆ, ಒಂದು ವಾರದೊಳಗೆ ಬಳಸಬೇಕು. ಬೆಲ್ಲಕ್ಕೆ ಆಲೆಮನೆಯ ಕಪ್ಪು ಬೆಲ್ಲವೇ ಸಾಕು. ಇದರ ಬಲ ಇರುವುದು ಸೂಕ್ಷ್ಮಜೀವಿಗಳಲ್ಲಿ. ಸಾರಜನಕದ ಲೆಕ್ಕದಲ್ಲಿ ಇದು ಬಹಳ ತೆಳು. ಸಾವಯವ ಪದಾರ್ಥ ತುಂಬಿದ, ಹುಲ್ಲು ಹೊದಿಸಿದ ನೆಲಕ್ಕೆ ಕೊಟ್ಟರೆ ಸಾರ್ಥಕ. ಬರೀ ಮಣ್ಣಿನ ಚೀಲಕ್ಕೆ ಜೀವಾಮೃತ ಒಂದನ್ನೇ ನೆಚ್ಚಿ ಟೊಮೆಟೊ ಬೆಳೆಯುತ್ತೇನೆ ಎನ್ನುವವರಿಗೆ ನಾನು ಹಿಂಡಿ ನೀರನ್ನು ಸೇರಿಸಿಕೊಳ್ಳಿ ಎನ್ನುತ್ತೇನೆ. ಹಸು ಸಾಕಿದ ಮನೆ ಹತ್ತಿರದಲ್ಲಿ ಇಲ್ಲದಿದ್ದರೆ ಬಾಟಲಿಯಲ್ಲಿ ಮಾರುವ ಜೀವಾಮೃತವನ್ನು ಕೊಳ್ಳುವ ಅಗತ್ಯವಿಲ್ಲ.

ನಾಟಿ ಬೀಜ, ಹೈಬ್ರಿಡ್, ನರ್ಸರಿ ಸಸಿ

ಹೈಬ್ರಿಡ್ ಬೀಜದಿಂದ ಬಂದ ಹಣ್ಣಿನ ಬೀಜ ಬಿತ್ತಿದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ, ಪ್ರತಿ ಬಾರಿ ಕೊಳ್ಳಬೇಕು. ನಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಂತಾಯಿತು. ಆದರೂ ಟೊಮೆಟೊ ವಿಷಯದಲ್ಲಿ ನಾನು ಹಟ ಮಾಡುವುದಿಲ್ಲ. ಬಿಳಿನೊಣ ಹರಡುವ ಎಲೆ ಮುರುಟು ರೋಗ ನಮ್ಮ ಕಡೆ ನಾಟಿ ಟೊಮೆಟೊವನ್ನು ಬೇಸಿಗೆಯಲ್ಲಿ ಎದ್ದೇಳಲು ಬಿಡುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್ ಆದರೂ ಎಲೆ ಮುರುಟು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ಬೇಸಿಗೆಗೆ ಅದರ ನಾಲ್ಕು ಸಸಿ, ಮಳೆ ಮುಗಿದು ಚಳಿ ಬಿದ್ದ ಮೇಲೆ ಸಾರಿಗೆ ಹುಳಿ ಕೊಡುವ ನಾಟಿ ಟೊಮೆಟೊ, ಇದು ನ್ಯಾಯವಾದ ಹಂಚಿಕೆ. ಬೆಂಡೆಯಲ್ಲಿ ಈ ಇಕ್ಕಟ್ಟಿಲ್ಲ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಹಳದಿ ನರ ರೋಗ ತಡೆಯಲೆಂದೇ ಬಂದ ತಳಿ, ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು.

ಅವರೆಯಲ್ಲಿಯೂ ಎರಡು ದಾರಿ. ಸೊಗಡಿನ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುತ್ತದೆ. ಜುಲೈ, ಆಗಸ್ಟಿನಲ್ಲಿ ಬಿತ್ತಿ ಡಿಸೆಂಬರಿನವರೆಗೆ ಕಾಯಬೇಕು, ಬಳ್ಳಿಗೆ ಜಾಗವೂ ಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಹಗಲಿನ ಉದ್ದ ನೋಡುವುದಿಲ್ಲ, ಗಿಡ್ಡವಾಗಿ ನಿಂತು ಯಾವ ತಿಂಗಳಲ್ಲೂ ಕಾಯಿ ಕೊಡುತ್ತದೆ. ಚೀಲಕ್ಕೆ ಅದೇ ಅನುಕೂಲ. ಆದರೆ ಹಿತಕವರೆಯ ಸಾರಿನ ಪರಿಮಳ ಬೇಕೆಂದರೆ ಸೊಗಡಿನ ಅವರೆಯನ್ನು ಕಾಂಪೌಂಡಿಗೆ ಹಬ್ಬಿಸಿ ಕಾಯುವುದೇ ಸರಿ. ಎರಡರ ಬೀಜವನ್ನೂ ಉಳಿಸಬಹುದು. ಮೈಸೂರಿನ ಹಳೆಯ ಬಡಾವಣೆಯ ಹೆಸರು ಹೊತ್ತ ಈರನಗೆರೆ ಬದನೆಯ ಬೀಜ ಸಿಕ್ಕರಂತೂ ಬಿಡಬೇಡಿ. ನಾಟಿ ಬೀಜಗಳನ್ನು ಉಳಿಸುವ ಕೆಲಸದಲ್ಲಿ ತೊಡಗಿರುವ ಸಹಜ ಸಮೃದ್ಧದ ಮೇಳಗಳಲ್ಲಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿಗಳ ಬಗ್ಗೆ ವಿಚಾರಿಸಬಹುದು.

ಬೀಜ ಉಳಿಸುವುದನ್ನು ಟೊಮೆಟೊ, ಅವರೆ, ಅಲಸಂದೆಗಳಿಂದ ಶುರುಮಾಡಿ. ಇವು ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತವೆ, ತಳಿ ಕೆಡುವುದಿಲ್ಲ. ಹೀರೆ, ಸೋರೆ, ಕುಂಬಳ, ಹರಿವೆ, ಪಾಲಕ್ ಅಕ್ಕಪಕ್ಕದ ತಳಿಗಳೊಂದಿಗೆ ಬೆರೆಯುತ್ತವೆ, ಸ್ವಲ್ಪ ಅನುಭವ ಬಂದ ಮೇಲೆ ನೋಡಿ. ಬೀಜ ಪೂರ್ತಿ ಒಣಗಿದ ಮೇಲೆ ಸೌದೆ ಬೂದಿ ಬೆರೆಸಿ ಗಾಜಿನ ಸೀಸೆಯಲ್ಲಿಡುವುದು ನಮ್ಮ ಅಜ್ಜಿಯರ ಕ್ರಮ, ಈಗಲೂ ಅದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ಮೆಂತ್ಯ, ಸಾಸಿವೆ, ಕೊತ್ತಂಬರಿಗೆ ಬೀಜದ ಪೊಟ್ಟಣ ಕೊಳ್ಳುವುದು ದಂಡ. ಅಡುಗೆಮನೆಯ ಡಬ್ಬಿಯಿಂದ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ, ಏಳು ಮೊಳೆತರೆ ಬಿತ್ತಿ. ಕೊತ್ತಂಬರಿ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಒಡೆದು ಹಾಕಬೇಕು. ನಾಲ್ಕೈದು ಗಿಡ ಮಾತ್ರ ಬೇಕಾದ ಟೊಮೆಟೊ, ಬದನೆ, ಮೆಣಸಿನಕಾಯಿಗೆ ನರ್ಸರಿಯ ಸಸಿಯೇ ಪೊಟ್ಟಣಕ್ಕಿಂತ ಅಗ್ಗ. ಸಸಿಗಳಿಗೆ ಕೀಟನಾಶಕ ಹೊಡೆದಿದ್ದಾರೆಯೇ ಎಂದು ಕೇಳಿಯೇ ತನ್ನಿ.

ಏನು ಬೆಳೆಯಬೇಕು

ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಚಿಕ್ಕ ತೋಟಕ್ಕೆ ಸಲ್ಲದು. ತಿಂಗಳುಗಟ್ಟಲೆ ಜಾಗ ಹಿಡಿದು ಒಂದೇ ಬಾರಿ ಕೊಡುತ್ತವೆ. ಇಪ್ಪತ್ತೈದು ಮೂವತ್ತು ದಿನಕ್ಕೆ ಬರುವ ದಂಟು, ಹರಿವೆ, ಮೆಂತ್ಯ, ಮತ್ತೆ ಮತ್ತೆ ಕೊಯ್ಯಬಹುದಾದ ಪಾಲಕ್, ಇವು ಅದೇ ಜಾಗದಲ್ಲಿ ಹಲವು ಪಟ್ಟು ಕೊಡುತ್ತವೆ. ಮಾರುಕಟ್ಟೆಯ ಸೊಪ್ಪಿನ ನೀರು, ಔಷಧಗಳ ಬಗ್ಗೆ ಅನುಮಾನ ಇರುವವರಿಗೆ ಮನೆಯ ಸೊಪ್ಪು ದುಡ್ಡಿಗಿಂತ ಹೆಚ್ಚಿನ ಸಮಾಧಾನ.

ಅದಕ್ಕಿಂತ ಮೇಲಿನ ಸ್ಥಾನ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ ಗಿಡಗಳಿಗೆ. ನುಗ್ಗೆ, ಕರಿಬೇವು, ಬಸಳೆ, ತೊಂಡೆ, ಚಕ್ರಮುನಿ, ದೊಡ್ಡಪತ್ರೆ. ನುಗ್ಗೆಯ ಮೂರು ನಾಲ್ಕು ಅಡಿ ಕೊಂಬೆಯನ್ನು ಮೇ ತಿಂಗಳ ಮಳೆಗೆ ನೆಟ್ಟರೆ ಕಾಯಿಗೆ ಕಾಯುವ ಮೊದಲೇ ಸೊಪ್ಪು ಕೊಡುತ್ತದೆ. ತೊಂಡೆಯ ಕಡ್ಡಿಯನ್ನು ಕಾಯಿ ಬಿಡುವ ಬಳ್ಳಿಯಿಂದಲೇ ಕತ್ತರಿಸಿ ತನ್ನಿ, ಗಂಡು ಬಳ್ಳಿಯಲ್ಲಿ ಬರೀ ಹೂವು. ಇವುಗಳಲ್ಲಿ ಹೆಚ್ಚಿನವನ್ನು ಕೊಳ್ಳುವುದೇ ಬೇಡ, ಕೇಳಿದರೆ ಯಾವ ಮನೆಯವರೂ ಒಂದು ಕಡ್ಡಿ ಇಲ್ಲವೆನ್ನುವುದಿಲ್ಲ. ಬಿತ್ತದೆಯೂ ಬರುವ ಸೊಪ್ಪುಗಳನ್ನು ಕಳೆ ಎಂದು ಕೀಳುವ ಮುನ್ನ ಹಳ್ಳಿಯಿಂದ ಬಂದ ಹಿರಿಯರನ್ನೊಮ್ಮೆ ತೋಟಕ್ಕೆ ಕರೆಯಿರಿ. ಹೊನಗೊನ್ನೆ, ಗಣಿಕೆ, ಅಣ್ಣೆ, ಗೋಣಿ ಸೊಪ್ಪುಗಳನ್ನು ಅವರು ಆರಿಸಿಕೊಟ್ಟರೆ ಬೆರಕೆ ಸೊಪ್ಪಿನ ಬಸ್ಸಾರಿಗೂ ಮುದ್ದೆಗೂ ಅಂದಿನ ಚಿಂತೆ ತೀರುತ್ತದೆ. ಗುರುತು ಖಚಿತವಿಲ್ಲದ ಎಲೆಯನ್ನು ಮಾತ್ರ ಪಾತ್ರೆಗೆ ಹಾಕಬಾರದು.

ನೀರು, ಹೊದಿಕೆ, ಕೀಟ

ಡ್ರಿಪ್ ಕಿಟ್ ಇಪ್ಪತ್ತು ಮೂವತ್ತು ಚೀಲ ಇದ್ದವರಿಗೆ, ಆಗಾಗ ಊರಿಗೆ ಹೋಗುವವರಿಗೆ ಸರಿ. ಉಳಿದವರಿಗೆ ಪಾತಿಯ ನಡುವೆ ಹೂತ ಬಾಯಿ ಕಿರಿದಾದ ಮಡಕೆ ಸಾಕು. ಅದನ್ನು ತುಂಬಿಟ್ಟರೆ ನೀರು ತಾನಾಗಿ ಜಿನುಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೇ ಹೋಗಲಿ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಚೀಲಗಳಿಗೆ ನಿತ್ಯ ಹಾಕಿದರೆ ಉಪ್ಪು ಕೂಡಿಕೊಳ್ಳುತ್ತದೆ, ಅದು ನೆಲ ತೊಳೆಯಲು ಇರಲಿ. ಮಣ್ಣಿನ ಮೇಲಿನ ಹೊದಿಕೆಗೆ ಭತ್ತದ ಹುಲ್ಲಿಗಿಂತ ಕಬ್ಬಿನ ತರಗು ಹೆಚ್ಚು ಕಾಲ ಬಾಳುತ್ತದೆ, ಹುಲ್ಲಾದರೆ ದನಕ್ಕೂ ಬೇಕು. ಎರಡರಲ್ಲಿ ಯಾವುದನ್ನೇ ತಂದರೂ ಆ ಗದ್ದೆಗೆ ಕಳೆನಾಶಕ ಹೊಡೆದಿದ್ದರೇ ಎಂದು ಕೇಳಿ. ಟೊಮೆಟೊ, ಅವರೆಗಳಿಗೆ ಅದರ ಉಳಿಕೆ ತಾಗಿದರೆ ಎಲೆ ಸುರುಳಿ ಸುತ್ತುತ್ತದೆ.

ಕೀಟಕ್ಕೆ ಸಾವಯವ ಎಂದು ಬರೆದ ಬಾಟಲಿಗಳಿಗಿಂತ ಗ್ರಂಥಿಗೆ ಅಂಗಡಿಯ ಬೇವಿನ ಎಣ್ಣೆಯೇ ವಾಸಿ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಚಿಟಿಕೆ ಸೋಪು, ಸಂಜೆ ಎಲೆಯ ಅಡಿಗೂ ತಾಗುವಂತೆ ವಾರಕ್ಕೊಮ್ಮೆ. ಇದೂ ಬೇಡವೆಂದರೆ ಮುಂಗಾರಿನ ಆರಂಭದಲ್ಲಿ ಬೇವಿನ ಮರದ ಕೆಳಗೆ ಉದುರುವ ಹಣ್ಣಿನ ಬೀಜ ಆರಿಸಿ ಒಣಗಿಸಿಟ್ಟುಕೊಳ್ಳಿ. ಅದರ ತಿರುಳು 50 ಗ್ರಾಂ ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ ಸೋಸಿದರೆ ಎಣ್ಣೆಗಿಂತ ಕಡಿಮೆ ಎನಿಸದ ಔಷಧ. ಬದನೆಯ ಕುಡಿ ಬಾಡಿದ್ದು ಕಂಡರೆ ಒಳಗೆ ಕೊರಕ ಇದೆ ಎಂದರ್ಥ, ಸಿಂಪಡಿಸುವುದಕ್ಕಿಂತ ಕುಡಿ ಚಿವುಟಿ ನೀರಿಗೆ ಹಾಕುವುದು ಪರಿಣಾಮಕಾರಿ. ಹಾಗಲದ ಹಣ್ಣುನೊಣಕ್ಕೆ ಬಲೆ ಕೊಳ್ಳುವ ಬದಲು ಎಳೆ ಮಿಡಿಗೆ ಕಾಗದದ ಚೀಲ ಕಟ್ಟಿ. ಎರಡು ಬಳ್ಳಿಗೆ ಅಷ್ಟು ಸಾಕು.

ಶುರುಮಾಡಲು ಮೇ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೆಯ ಕಾಲ. ನಮ್ಮಲ್ಲಿ ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ ಹೆಚ್ಚುತ್ತದೆ. ಮೇ ತಿಂಗಳಲ್ಲಿ ಬಳ್ಳಿಗಳು, ನುಗ್ಗೆ, ಬೆಂಡೆ, ಸೆಪ್ಟೆಂಬರಿನಲ್ಲಿ ಬದನೆ, ಟೊಮೆಟೊ, ಸೊಪ್ಪುಗಳು. ಮಾರ್ಚಿನಲ್ಲಿ ನೀರು ಹೊಂದಿಸುವುದು ಕಷ್ಟವೆನಿಸಿದರೆ ತೋಟಕ್ಕೆ ಬಿಡುವು ಕೊಡಿ. ಚೀಲಗಳನ್ನು ನೆರಳಿಗೆ ಸರಿಸಿ ತರಗು ಹೊದಿಸಿ. ನೆಲದ ಪಾತಿಗೆ ಮೊದಲ ಮಳೆ ಬಿದ್ದಾಗ ಒಂದು ಹಿಡಿ ಹುರುಳಿ ಅಥವಾ ಸೆಣಬು ಚೆಲ್ಲಿ, ನಲವತ್ತೈದು ದಿನಕ್ಕೆ ಹೂ ಬಿಡುವ ಮುನ್ನ ಕತ್ತರಿಸಿ ಮಣ್ಣಿಗೆ ಸೇರಿಸಿ, ಎರಡು ವಾರ ಬಿಟ್ಟು ನಾಟಿ ಮಾಡಿ.